ಅಜ್ಜಿ ಪಿಸುಗುಟ್ಟಿದ ಮನೆ

“ಖರೇ ಹೇಳು ಸಮ್ಮು, ಎಲ್ಲಿಗೆ ಹೊಂಟೀವಿ?”

ಗಂಗಾದೇವಿ ಅಜ್ಜಿ ಮಾತಾಡಿದರೆ ಖಾನಾಪುರದ ಆ ಓಣಿಯ ಕೊನೆಯ ಮನೆಗೂ ಕೇಳಿಸುತ್ತಿತ್ತು. ಎದುರು ಮನೆಯ ಕಟ್ಟೆಯ ಮೇಲೆ ಮೆಂತ್ಯೆ ಸೋಸುತ್ತಿದ್ದ ಭೀಮಕ್ಕ ಕೂಡ ತಲೆ ಎತ್ತಿದಳು. ಸಮೃದ್ಧಿ ಏನು ಹೇಳುತ್ತಾಳೋ ಎಂದು ಅವಳಿಗೂ ಕುತೂಹಲ.

ಕಾರಿನ ಡಿಕ್ಕಿಯಲ್ಲಿ ಚೀಲ ಇಡುತ್ತಿದ್ದ ಪಪ್ಪಾ ಅಜ್ಜಿಯ ಬೆನ್ನ ಹಿಂದಿನಿಂದ ಸನ್ನೆ ಮಾಡಿದ. ತುಟಿಯ ಮೇಲೆ ಬೆರಳು. ಹೇಳಬೇಡ!

ಸಮೃದ್ಧಿ ತನ್ನ ಚಪ್ಪಲಿಯ ತುದಿ ನೋಡಿದಳು. “ಗೋಕರ್ಣಕ್ಕ, ಅಜ್ಜಿ.”

“ಹೌದೇನು? ಭಾಳ ಛಲೋ ಆತು! ಮೊದಲ ಹೇಳ್ಬಾರದೇನು? ಈ ಹಳೇ ಸೀರಿ ಉಟಗೊಂಡು ಗುಡಿಗೆ ಬರ್ಲೇನು ನಾನು?”

ಅಜ್ಜಿ ದಡಬಡ ಒಳಗೆ ಹೋದಳು. ಹತ್ತು ನಿಮಿಷ ಬಿಟ್ಟು ಬಂದಾಗ ಮೈಮೇಲೆ ಇಳಕಲ್ ಸೀರೆ. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಹಿತ್ತಲಿನಿಂದ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಿಲ್ವಪತ್ರೆ.

ಸಮೃದ್ಧಿ ಮತ್ತೆ ಚಪ್ಪಲಿಯ ತುದಿ ನೋಡಿದಳು. ಸುಳ್ಳು ಹೇಳಿದ್ದು ಒಂದೇ ಮಾತು. ಅಷ್ಟಕ್ಕೇ ಅಜ್ಜಿ ಸೀರೆ ಬದಲಿಸಿಬಿಟ್ಟಿದ್ದಳು.

ಪೂರ್ಣಿಮಾ ಅತ್ತೆ ಕಾರಿನ ತನಕ ಬಂದಳು. ಅವಳು ಪಪ್ಪನ ಅಕ್ಕ. ಅಜ್ಜಿ ಇರುವುದು ಅವಳ ಮನೆಯಲ್ಲೇ. ಅಜ್ಜಿಯ ದನಿ ಎಷ್ಟು ದೊಡ್ಡದೋ ಅತ್ತೆಯದು ಅಷ್ಟೇ ಸಣ್ಣದು. ಅವಳು ಏನಂದಳು ಎಂದು ತಿಳಿಯಬೇಕಾದರೆ ಹತ್ತಿರ ಹೋಗಿ ನಿಲ್ಲಬೇಕು.

“ಪ್ರಸಾದ, ಅವ್ವನ್ನ ಒಂದ್ ಮಾತ ಕೇಳಿದ್ರ ಛಲೋ ಇತ್ತಲ್ಲೋ,” ಅಂದಳು ಅತ್ತೆ.

“ಸರ್‌ಪ್ರೈಸ್ ಅಂದಮ್ಯಾಲೆ ಕೇಳ್ತಾರೇನಕ್ಕಾ?” ಪಪ್ಪಾ ಅಜ್ಜಿಗೆ ಕೇಳದ ಹಾಗೆ ಮೆಲ್ಲಗೆ ಅಂದು ನಕ್ಕ. “ನೀ ನೋಡ್ತಿರು, ಅವ್ವ ಎಷ್ಟ್ ಖುಷಿ ಆಗ್ತಾಳ!”

ಅತ್ತೆ ಕಾರಿನ ಕಿಟಕಿಗೆ ಬಾಗಿ, ಮುಂದಿನ ಸೀಟಿನಲ್ಲಿ ಕೂತಿದ್ದ ಮಮ್ಮಿಗೆ ಕೈ ಬೀಸಿದಳು. ಕಾರು ಹೊರಟಿತು.

ಅವರು ಹೊರಟಿದ್ದು ಗೋಕರ್ಣಕ್ಕಲ್ಲ. ಕಾರವಾರದ ಆಚೆ, ಸಮುದ್ರದ ಅಂಚಿಗಿರುವ ಕರಿಕಲ್ಲುಗುಡ್ಡದ ಲೈಟ್‌ಹೌಸಿಗೆ.

ಸಮೃದ್ಧಿಯ ಅಜ್ಜ ಚನ್ನಬಸಯ್ಯ ಒಂದು ಕಾಲದಲ್ಲಿ ಆ ಲೈಟ್‌ಹೌಸಿನ ಕೀಪರ್ ಆಗಿದ್ದ. ರಾತ್ರಿಯಿಡೀ ದೀಪ ಕಾಯುವ ಕೆಲಸ. ಆರು ವರ್ಷ ಅವರ ಸಂಸಾರ ಅಲ್ಲೇ ಇತ್ತು. ಪಪ್ಪಾ ಹುಟ್ಟಿ ಮೂರು ವರ್ಷವಾದಾಗ ಅಜ್ಜನಿಗೆ ವರ್ಗವಾಯಿತು. ಹಾಗಾಗಿ ಪಪ್ಪನಿಗೆ ಅಲ್ಲಿಯದು ಯಾವುದೂ ನೆನಪಿಲ್ಲ. ಅಜ್ಜ ಹೇಳಿದ ಕತೆಗಳು ಮಾತ್ರ ನೆನಪು. ಬಿರುಗಾಳಿಯ ಕತೆ, ದಾರಿ ತಪ್ಪಿದ ಹಡಗಿನ ಕತೆ, ದೀಪದ ಗಾಜಿಗೆ ಡಿಕ್ಕಿ ಹೊಡೆದ ಹಕ್ಕಿಯ ಕತೆ. ಅಜ್ಜ ತೀರಿಹೋಗಿ ಮೂರು ವರ್ಷವಾದರೂ ಪಪ್ಪಾ ಆ ಕತೆಗಳನ್ನು ಬಿಟ್ಟಿರಲಿಲ್ಲ. ಬೆಳಗಾವಿಯ ಫೌಂಡ್ರಿಯಿಂದ ಸುಸ್ತಾಗಿ ಮನೆಗೆ ಬಂದ ದಿನವೂ, “ಅಪ್ಪ ಹೇಳ್ತಿದ್ದ…” ಎಂದು ಶುರು ಮಾಡುತ್ತಿದ್ದ.

ಮೂರು ತಿಂಗಳ ಹಿಂದೆ ಪಪ್ಪಾ ಮೊಬೈಲಿನಲ್ಲಿ ಏನೋ ನೋಡಿ ಕುಣಿದಾಡಿಬಿಟ್ಟಿದ್ದ. ಕೀಪರುಗಳು ವಾಸವಿದ್ದ ಹಳೆಯ ಮನೆಗಳನ್ನು ರಿಪೇರಿ ಮಾಡಿ, ರಜೆಗೆ ಬರುವವರಿಗೆ ಉಳಿಯಲು ಕೊಡುತ್ತಾರಂತೆ! ನಾಲ್ಕು ಮನೆಗಳು. ಅದರಲ್ಲಿ ಒಂದು ಅಜ್ಜನ ಮನೆ. ಪಪ್ಪಾ ಅವತ್ತೇ ಬುಕ್ ಮಾಡಿದ.

ಸಮೃದ್ಧಿಗೂ ಅದರಿಂದ ಒಂದು ಕೆಲಸ ಆಗುವುದಿತ್ತು. ಐದನೇ ಕ್ಲಾಸಿನಲ್ಲಿ ‘ನಮ್ಮ ಮನೆ, ನಮ್ಮ ಇತಿಹಾಸ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. ಹೋದ ವಾರ ಅವಳ ಕ್ಲಾಸಿನ ಹುಡುಗ ಅನೇಕಾಂತ, ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯ ಫೋಟೋಗಳನ್ನು ತಂದಿದ್ದ. ಅವನ ಮುತ್ತಜ್ಜ ದಿನಾ ಅಲ್ಲಿಗೆ ಹೋಗುತ್ತಿದ್ದನಂತೆ. ಇಡೀ ಕ್ಲಾಸು ಚಪ್ಪಾಳೆ ಹೊಡೆದಿತ್ತು.

ಸೋಮವಾರ ಸಮೃದ್ಧಿಯ ಸರದಿ. “ಟೀಚರ್, ನಾನು ಲೈಟ್‌ಹೌಸಿನ ವಿಡಿಯೋ ತರ್ತೀನ್ರಿ. ಅದರಾಗ ನಮ್ಮಜ್ಜಿನ ಕತಿ ಹೇಳ್ತಾರ್ರಿ,” ಎಂದು ಎಲ್ಲರೆದುರು ಹೇಳಿಬಿಟ್ಟಿದ್ದಳು.

ಅಜ್ಜಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ರಾಮನಗರ ದಾಟಿ, ಜೋಯಿಡಾ ದಾಟಿ, ಕಾಡಿನ ತಿರುವುಗಳಲ್ಲಿ ಕಾರು ಇಳಿಯಿತು. ಅಜ್ಜಿ ದಾರಿಯುದ್ದಕ್ಕೂ ಜೋರಾಗಿ ಮಾತಾಡಿದಳು. ಒಂದು ಕಡೆ ಎಳನೀರು ಮಾರುವವನ ಹತ್ತಿರ ಮರಾಠಿಯಲ್ಲಿ ಎಷ್ಟು ಹೊತ್ತು ಹರಟಿದಳೆಂದರೆ, ಅವನು ಇನ್ನೊಂದು ಎಳನೀರು ಸುಮ್ಮನೆ ಕೆತ್ತಿ ಕೊಟ್ಟ.

ಕಾರವಾರ ದಾಟಿದ ಮೇಲೆ ಪಪ್ಪಾ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿಸಿದ. ಸಣ್ಣ ರಸ್ತೆ. ಗೇರುಮರಗಳು. ಒಂದು ಏರು ಹತ್ತಿದ್ದೇ ತಡ, ಗುಡ್ಡದ ನೆತ್ತಿಯ ಮೇಲೆ ಕಪ್ಪು ಬಿಳಿ ಪಟ್ಟೆಯ ಗೋಪುರ ಕಾಣಿಸಿತು.

ಅಜ್ಜಿಯ ಮಾತು ಮಧ್ಯದಲ್ಲೇ ನಿಂತಿತು.

“ಪ್ರಸಾದ, ಗಾಡಿ ನಿಂದರಸು.”

ಪಪ್ಪಾ ನಿಲ್ಲಿಸಿ ಹಿಂದೆ ತಿರುಗಿದ. ಅವನ ಮುಖವೆಲ್ಲ ನಗು. “ಸರ್‌ಪ್ರೈಸ್, ಅವ್ವಾ! ನಮ್ಮ ಮನಿ! ಎರಡು ದಿನ ಅಲ್ಲೇ ಇರೂದು!”

ಅಜ್ಜಿ ಗೋಪುರವನ್ನೇ ನೋಡಿದಳು. “ಗೋಕರ್ಣ?”

“ನಾಳೆ ಬೇಕಾದ್ರ ಹೋಗಿ ಬರೂಣು, ಅದೇನ್ ದೊಡ್ಡ ಮಾತು?”

ಅಜ್ಜಿ ಸಮೃದ್ಧಿಯ ಕಡೆ ತಿರುಗಿದಳು. ಬೈಯಲಿಲ್ಲ. ಕಣ್ಣು ಕೂಡ ದೊಡ್ಡದು ಮಾಡಲಿಲ್ಲ.

“ನಿನಗ ಗೊತ್ತಿತ್ತು,” ಅಂದಳು. ಅಷ್ಟೇ.

ತೆಂಗಿನಕಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕಾರು ಗುಡ್ಡ ಹತ್ತಿತು.

ಮನೆ ಚೆನ್ನಾಗಿತ್ತು. ಬಿಳಿ ಗೋಡೆ, ಕೆಂಪು ಹೆಂಚು, ಎರಡು ಕೋಣೆ. ಒಂದು ಕೋಣೆಗೆ ಏಸಿ. ಗೋಡೆಯ ಮೇಲೆ ಹಳೆಯ ಹಡಗುಗಳ ಚಿತ್ರ. ಹೊರಗಿನ ಕಟ್ಟೆಯ ಮೇಲೆ ಕಲ್ಲಿನ ಒರಳು ಇಟ್ಟು, ಅದರಲ್ಲಿ ನೀರು ತುಂಬಿಸಿ, ದಾಸವಾಳದ ಹೂ ತೇಲಿಬಿಟ್ಟಿದ್ದರು.

ಅಜ್ಜಿ ಒರಳಿನ ಅಂಚಿಗೆ ಒಮ್ಮೆ ಕೈ ಆಡಿಸಿದಳು.

ಮ್ಯಾನೇಜರ್ ಅನಿಕೇತ ಓಡಿ ಬಂದ. ಅವನು ಕಾರವಾರದವನು. “ಬನ್ನಿ ಅಜ್ಜಿ, ಬನ್ನಿ! ಕೀಪರ್ ಮನೆಯವರೇ ಬಂದದ್ದು ನಮ್ಮ ಪುಣ್ಯ. ಸಂಜೆ ಐದೂವರೆಗೆ ಎಲ್ಲ ಗೆಸ್ಟ್‌ಗಳನ್ನೂ ಕೂರಿಸ್ತೇನೆ. ನೀವು ಆ ಕಾಲದ ಕತೆ ಹೇಳ್ಬೇಕು. ಸರ್ ಫೋನಿನಲ್ಲೇ ಒಪ್ಪಿದ್ದಾರೆ. ಮೈಕ್ ಕೂಡ ಇದೆ!”

“ನಮ್ಮವ್ವಗ ಮೈಕ್ ಯಾಕ್ರಿ?” ಪಪ್ಪಾ ನಕ್ಕ. “ಆಕಿ ದನಿ ನಡುಸಮುದ್ರದ ಹಡಗಕ್ಕೂ ಕೇಳ್ತೈತಿ.”

ಎಲ್ಲರೂ ನಕ್ಕರು. ಅಜ್ಜಿ ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ ಒಳಗೆ ಹೋದಳು.

ಸಮೃದ್ಧಿ ಧಡ್ ಧಡ್ ಎಂದು ಹಿಂದೆಯೇ ಓಡಿದಳು.

“ಶ್! ಸಾವಕಾಶ,” ಅಂದಳು ಅಜ್ಜಿ. “ಸಪ್ಪಳಾ ಮಾಡಬ್ಯಾಡ.”

ಸಮೃದ್ಧಿ ಗಕ್ಕನೆ ನಿಂತಳು. ಅಜ್ಜಿ ಪಿಸುಗುಟ್ಟಿದ್ದಳು! ಖಾನಾಪುರದ ಓಣಿಗೆಲ್ಲ ಕೇಳಿಸುವ ಅಜ್ಜಿಯ ದನಿ ಪಕ್ಕದಲ್ಲಿದ್ದ ಸಮೃದ್ಧಿಗೂ ಸರಿಯಾಗಿ ಕೇಳಿಸಿರಲಿಲ್ಲ.

“ಅಜ್ಜಿ, ಗಂಟಲು ನೋಯ್ತೈತೇನು?”

ಅಜ್ಜಿ ಇಲ್ಲವೆಂದು ತಲೆ ಆಡಿಸಿದಳು.

ಮಮ್ಮಿಗೂ ಗಾಬರಿಯಾಯಿತು. “ಅತ್ತೀ, ಎಳನೀರು ತಂಪ ಆಗೇತೋ ಏನೋ. ಬಿಸಿನೀರು ಕುಡೀರಿ,” ಎಂದು ಕೆಟಲ್ ಹಚ್ಚಿದಳು. ಅಜ್ಜಿ ಬಿಸಿನೀರು ಕುಡಿದಳು. ಲೋಟ ಇಡುವಾಗ ಟೇಬಲ್ಲಿನ ಮೇಲೆ ಕರವಸ್ತ್ರ ಮಡಚಿ ಹಾಕಿ, ಅದರ ಮೇಲೆ ಇಟ್ಟಳು. ಒಂದಿಷ್ಟೂ ಸದ್ದಾಗಲಿಲ್ಲ.

ಆಮೇಲೆ ಸಮೃದ್ಧಿ ಇನ್ನೂ ಕೆಲವನ್ನು ಕಂಡಳು. ಅಜ್ಜಿ ಬಾಗಿಲು ಹಾಕುವಾಗ ಚಿಲಕವನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಕೂರಿಸುತ್ತಿದ್ದಳು. ಕುರ್ಚಿ ಎಳೆಯುವುದರ ಬದಲು ಎತ್ತಿ ಇಡುತ್ತಿದ್ದಳು. ಕೆಮ್ಮು ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡು ಹಿಂಬಾಗಿಲಿಗೆ ಓಡಿದಳು.

ಆದರೆ ಹೊರಗೆ ಹೋದರೆ ಮೊದಲಿನ ಅಜ್ಜಿಯೇ. “ಏ ತಮ್ಮಾ, ಈ ಗಿಡಕ್ಕ ನೀರ್ ಯಾಕ್ ಹಾಕಿಲ್ಲ?” ಎಂದು ಅನಿಕೇತನಿಗೆ ದೂರದಿಂದ ಕೇಳಿದಾಗ ಹೆಂಚಿನ ಮೇಲಿದ್ದ ಕಾಗೆ ಹಾರಿಹೋಯಿತು.

ಸಮೃದ್ಧಿಗೆ ಇದು ಖರೇನೋ ಸುಳ್ಳೋ ನೋಡಬೇಕೆನಿಸಿತು. ಒಳಗೆ ಕರೆದು, “ಅಜ್ಜಿ, ಚಕ್ಕುಲಿ ಬೇಕೇನು?” ಎಂದಳು.

“ಬ್ಯಾಡ,” ಅಜ್ಜಿ ಪಿಸುಗುಟ್ಟಿದಳು.

ಕೈ ಹಿಡಿದು ಹೊರಗೆ ಎಳೆದು ತಂದಳು. “ಅಜ್ಜಿ, ಚಕ್ಕುಲಿ ಬೇಕೇನು?”

“ಬ್ಯಾಡ ಅಂದೆನಲ್ಲ! ಎಷ್ಟ್ ಸಲಾ ಕೇಳ್ತಿ!” ಅಜ್ಜಿಯ ದನಿ ಗೋಪುರಕ್ಕೆ ಬಡಿದು ವಾಪಸು ಬಂತು.

ಸಮೃದ್ಧಿಗೆ ನಗು ಬಂತು, ಆದರೆ ನಗು ಪೂರ್ತಿ ಬರಲೂ ಇಲ್ಲ. ಇದೆಂಥದು?

ಊಟ ಮುಗಿದ ಮೇಲೆ ಅವಳು ಮಮ್ಮಿಯ ಮೊಬೈಲ್ ತಂದಳು. ಸಂಜೆಯ ಮೊದಲೇ ಒಂದು ವಿಡಿಯೋ ಮಾಡಿಕೊಂಡರೆ ಚೆನ್ನಾಗಿರುತ್ತದೆ. ಅಜ್ಜಿಯನ್ನು ಕಿಟಕಿಯ ಹತ್ತಿರ ಕೂರಿಸಿದಳು. ಹಿಂದೆ ಸಮುದ್ರ ಕಾಣುತ್ತಿತ್ತು.

“ಅಜ್ಜಿ, ನಿಮ್ಮ ಹೆಸರು ಹೇಳ್ರಿ. ಇಲ್ಲಿ ನೀವು ಹೆಂಗ ಇದ್ರಿ ಹೇಳ್ರಿ,” ಎಂದಳು, ಟೀವಿಯವರ ಹಾಗೆ.

ಅಜ್ಜಿಯ ತುಟಿ ಅಲ್ಲಾಡಿತು. ವಿಡಿಯೋ ಹಾಕಿ ನೋಡಿದರೆ ಫ್ಯಾನಿನ ಸದ್ದು ಬಿಟ್ಟು ಏನೂ ಇಲ್ಲ.

“ಜೋರಾಗಿ ಹೇಳಜ್ಜಿ! ಸೋಮವಾರ ತೋರಸ್ಬೇಕು. ಎಲ್ಲಾರಿಗೂ ಹೇಳೀನಿ ನಾನು.”

“ಇಲ್ಲಿ ಆಗಂಗಿಲ್ಲ ಸಮ್ಮು.”

“ಯಾಕ?”

ಅಜ್ಜಿ ಉತ್ತರ ಕೊಡುವಷ್ಟರಲ್ಲಿ ಪಪ್ಪಾ ಕೈ ತೊಳೆದು ಬಂದ. ಎರಡು ನೂರು ಮೈಲು ಓಡಿಸಿದವನ ಹಾಗೆ ಮಂಚದ ಮೇಲೆ ಉರುಳಿದ. “ಅರ್ಧ ತಾಸು ಮಲಗ್ತೀನವ್ವಾ,” ಅಂದವನು ಗೋಡೆಯ ಕಡೆ ತಿರುಗಿ ಗೊರಕೆ ಹೊಡೆಯತೊಡಗಿದ.

ಅಜ್ಜಿ ಮಗನ ಬೆನ್ನು ನೋಡಿದಳು. ತಟ್ಟನೆ ಎದ್ದಳು. ಸಮೃದ್ಧಿಯ ಮೊಣಕೈ ಹಿಡಿದು, ತುದಿಗಾಲಿನಲ್ಲಿ, ಹಿಂಬಾಗಿಲಿನಿಂದ ಅವಳನ್ನು ಹೊರಗೆ ಕರೆದುಕೊಂಡು ಹೋದಳು. ಹೊರಗೂ ನಿಲ್ಲಲಿಲ್ಲ. ಕಲ್ಲಿನ ಮೆಟ್ಟಿಲು ಇಳಿದು, ಮನೆ ಕಾಣದಷ್ಟು ಕೆಳಗೆ ಬಂದಳು.

ಅಲ್ಲಿ ಒಂದು ಬಾವಿ ಇತ್ತು. ಈಗ ಅದಕ್ಕೆ ಕಬ್ಬಿಣದ ಜಾಲರಿ ಹಾಕಿದ್ದರು. ಪಕ್ಕದಲ್ಲಿ ಹೊನ್ನೆ ಮರ. ಅಜ್ಜಿ ಬಾವಿಯ ಕಟ್ಟೆಯ ಮೇಲೆ ಕೂತು ಉಸಿರು ಬಿಟ್ಟಳು.

“ಇಲ್ಲಿ ಮಾತಾಡಬಹುದು,” ಅಂದಳು, ತನ್ನ ದೊಡ್ಡ ದನಿಯಲ್ಲಿ.

“ಅಲ್ಲಿ ಯಾಕ ಬಾರದು?”

“ಅಲ್ಲಿ ನಿಮ್ಮಜ್ಜ ಮಲಗಿರ್ತಿದ್ರಲ್ಲ.”

ಸಮೃದ್ಧಿಗೆ ಅರ್ಥವಾಗಲಿಲ್ಲ. ಅಜ್ಜಿ ಬಿಡಿಸಿ ಹೇಳಿದಳು.

“ದೀಪದ ಕೆಲಸ ರಾತ್ರಿದು. ಕತ್ತಲಾತಂದ್ರ ಮ್ಯಾಲೆ ಹೋಗಾವ್ರು, ಬೆಳಗಾದಮ್ಯಾಲೆ ಇಳಿಯಾವ್ರು. ಕಣ್ಣು ಕೆಂಪಗ ಕೆಂಡ ಆಗಿರ್ತಿದ್ವು. ಹಗಲಿ ನಿದ್ದಿ ಆಗ್ಲಿಲ್ಲ ಅಂದ್ರ ರಾತ್ರಿ ತೂಕಡಿಕಿ. ದೀಪ ಆರಿತಂದ್ರ ಹಡಗದವ್ರ ಗತಿ? ಅದಕ್ಕ ನಾವು ಹಗಲೆಲ್ಲಾ ಸಪ್ಪಳಾ ಮಾಡೂಹಂಗಿಲ್ಲ. ಎರಡೇ ಕ್ವಾಣಿ ಮನಿ. ಭಾಂಡಿ ಬೀಳಬಾರದು, ಬಾಗ್ಲಾ ಬಡೀಬಾರದು, ಕೂಸು ಅಳಬಾರದು.”

“ಕೂಸು ಅಂದ್ರ ಪಪ್ಪಾ?”

“ನಿಮ್ಮಪ್ಪನ! ಎಂಥಾ ಅಳುಬುರುಕ ಇದ್ದ ಗೊತ್ತೇನು? ಅವನ್ನ ಟೊಂಕದ ಮ್ಯಾಲೆ ಇಟಗೊಂಡು, ಪೂರ್ಣಿಮಾನ ಕೈ ಹಿಡಕೊಂಡು ಇಲ್ಲಿಗೆ ಬರ್ತಿದ್ದೆ. ಇಲ್ಲೇ ಅರಬಿ ಒಗಿಯೂದು, ಇಲ್ಲೇ ಅಕ್ಕಿ ಆರಸೂದು. ಖಾರ ಕುಟ್ಟೂ ಒರಳ ಸೈತ ಇಲ್ಲೇ ತಂದಿಟ್ಟಿದ್ದೆ. ಈಗ ಮ್ಯಾಲೆ ಒಯ್ದು ಹೂವಿನ ನೀರು ತುಂಬ್ಯಾರ ನೋಡು, ಅದ.”

“ಕುಕ್ಕರ್?”

“ನನ್ನ ಹಂತ್ಯಾಕ ಕುಕ್ಕರ್ ಇರ್ಲಿಲ್ಲ, ಪುಣ್ಯಾ! ಸೀಟಿ ಹೊಡದಿದ್ರ ಏನ್ ಮಾಡ್ತಿದ್ದೆ?”

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅಜ್ಜಿ ಜಾಲರಿಯ ಕಿಂಡಿಯಿಂದ ಬಾವಿಯೊಳಗೆ ನೋಡಿದಳು.

“ಮಳಿಗಾಲದಾಗ ಹೊರಗ ಬರಾಕ ಆಗ್ತಿರ್ಲಿಲ್ಲ. ನಾಕು ತಿಂಗಳ ಅಡಗಿಮನಿ ಬಾಗ್ಲಾ ಹಾಕೊಂಡು ಕುಂದ್ರೂದು. ಪೂರ್ಣಿಮಾ ಮಾತು ಕಲತದ್ದ ಪಿಸುಪಿಸು ಅಂತ. ನಾ ಹಂಗ ಮಾತಾಡ್ತಿದ್ದೆ, ಅದೂ ಹಂಗ ಕಲೀತು. ಮುಂದ ಖಾನಾಪುರಕ್ಕ ಬಂದಾಗ ಮಂದಿ, ಈ ಹುಡಗಿಗೆ ಗಂಟಲದಾಗ ಏನರ ಆಗೇತೇನು, ಡಾಕ್ಟರಗ ತೋರಸು ಅಂದ್ರು.”

ಸಮೃದ್ಧಿಗೆ ಬೆಳಿಗ್ಗೆ ಕಾರಿನ ಕಿಟಕಿಗೆ ಬಾಗಿ ನಿಂತಿದ್ದ ಅತ್ತೆಯ ಮುಖ ಕಣ್ಣೆದುರು ಬಂತು. ಅತ್ತೆಯ ದನಿ ಹುಟ್ಟಿನಿಂದಲೇ ಸಣ್ಣದು ಎಂದು ಅವಳು ಅಂದುಕೊಂಡಿದ್ದಳು.

“ಅಜ್ಜಗ ನೀ ಹೇಳಲಿಲ್ಲೇನು? ನನಗ ಹಿಂಗ ತ್ರಾಸ ಆಗ್ತೈತಿ ಅಂತ?”

“ಅವರ ತಪ್ಪೇನಿತ್ತು? ಭಾಳ ಛಲೋ ಮನಷ್ಯಾ. ರಾತ್ರಿ ಎಲ್ಲಾ ಎದ್ದಿರಾವ್ರು ಹಗಲಿ ಮಲಗಬೇಕಲ್ಲ. ಯಾರ ತಪ್ಪೂ ಅಲ್ಲದು.” ಅಜ್ಜಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಆದ್ರ ಮತ್ತ ಈ ಮನಿಗೆ ಬರಬೇಕು ಅಂತ ನನಗ ಒಂದ್ ದಿನಾನೂ ಅನಿಸಿಲ್ಲ ನೋಡು.”

ಮರದಿಂದ ಒಂದು ಎಲೆ ಬಿತ್ತು. ಸಮೃದ್ಧಿ ಅದನ್ನು ಎತ್ತಿಕೊಂಡು ನಡುವೆ ಹರಿದಳು, ಮತ್ತೆ ಹರಿದಳು.

“ಅಜ್ಜಿ, ನಾ ನಿನಗ ಸುಳ್ಳ ಹೇಳಿದೆ.”

“ಹೂಂ.”

“ಪಪ್ಪಾ ಹೇಳಬ್ಯಾಡ ಅಂದಿದ್ದ. ಆದ್ರ ನನಗೂ ಬೇಕಾಗಿತ್ತು. ಪ್ರಾಜೆಕ್ಟಿಗೆ.”

“ಹೂಂ.” ಅಜ್ಜಿ ಅವಳ ತಲೆಯ ಮೇಲೆ ಬಿದ್ದಿದ್ದ ಕಡ್ಡಿಯನ್ನು ತೆಗೆದಳು. “ಈಗ ಸಂಜಿಮುಂದ ನಾ ಯಾವ ಕತಿ ಹೇಳ್ಲಿ? ಹಡಗದ ಕತಿ ಎಲ್ಲಾ ನಿಮ್ಮಜ್ಜನ್ವು. ಹಡಗ ನೋಡಾಕ ನನಗ ಪುರಸೊತ್ತ ಎಲ್ಲಿತ್ತು?”

“ಇದ ಹೇಳಬಹುದಲ್ಲ, ನನಗ ಹೇಳಿದ್ದು?”

“ಮೈಕಿನ್ಯಾಗೇನು? ಗುರ್ತಿಲ್ಲದ ಮಂದಿ ಮುಂದ?” ಅಜ್ಜಿ ಕೈ ಬೀಸಿದಳು. “ನಿಮ್ಮಪ್ಪ ಎಷ್ಟ್ ಆಸೇಲೆ ಕರಕೊಂಡು ಬಂದಾನ. ಅವನ ಮನಸಿಗೆ ಏನ್ ಆದೀತು? ಇರ್ಲಿ ಬಿಡು. ನಿಮ್ಮಜ್ಜನ ಕತಿನ ಎರಡು ಹೇಳಿ ಕೈ ಮುಗಿತೀನಿ.”

ಹೇಳುತ್ತಾಳಲ್ಲ! ಹಾಗಾದರೆ ವಿಡಿಯೋ ಸಿಗುತ್ತದೆ. ಸಮೃದ್ಧಿ ಒಂದು ಕ್ಷಣ ಹಾಗೆ ಅಂದುಕೊಂಡಳು. ಟೀಚರ್ ಖುಷಿಯಾಗುತ್ತಾರೆ, ಅನೇಕಾಂತನಿಗಿಂತ ಜೋರು ಚಪ್ಪಾಳೆ ಬೀಳುತ್ತದೆ. ಸುಮ್ಮನೆ ಇದ್ದರೆ ಸಾಕು.

ಸುಮ್ಮನೆ ಇದ್ದಳು ಕೂಡ. ಅಜ್ಜಿ ಮರಕ್ಕೆ ಒರಗಿ ಕಣ್ಣು ಮುಚ್ಚಿದಳು. ಮೇಲಿನಿಂದ ಅನಿಕೇತ ಕುರ್ಚಿ ಜೋಡಿಸುವ ಸದ್ದು ಕೇಳುತ್ತಿತ್ತು. ಅದು ನಿಂತ ಮೇಲೆ “ಹಲೋ, ಹಲೋ, ಮೈಕ್ ಟೆಸ್ಟಿಂಗ್” ಎಂಬ ಸದ್ದು ಬಂತು. ಅಜ್ಜಿ ಕಣ್ಣು ಮುಚ್ಚಿದ್ದವಳು ಹಾಗೆಯೇ ಸೆರಗು ಬಿಗಿ ಮಾಡಿಕೊಂಡಳು.

ಸಮೃದ್ಧಿ ಎದ್ದು ಮೆಟ್ಟಿಲು ಹತ್ತಿದಳು.

ಪಪ್ಪಾ ಇನ್ನೂ ಮಲಗಿದ್ದ. ಅವಳು ಭುಜ ಹಿಡಿದು ಅಲ್ಲಾಡಿಸಿದಳು. “ಪಪ್ಪಾ, ಏಳು. ಇಲ್ಲಿಗೆ ಬರ್ತಿಯೇನು ಅಂತ ನೀ ಅಜ್ಜಿನ್ನ ಕೇಳಿದ್ದಿಯೇನು?”

“ಆಂ? ಸರ್‌ಪ್ರೈಸ್ ಅಲ್ಲೇನದು…”

“ಅದಲ್ಲ. ಅಜ್ಜಿಗೆ ಈ ಮನಿ ಸೇರತೈತೇನು ಅಂತ ಯಾವಾಗರ ಕೇಳಿಯೇನು?”

ಪಪ್ಪಾ ಎದ್ದು ಕೂತ. ಬಾಗಿಲ ಹತ್ತಿರ ಬಟ್ಟೆ ಮಡಚುತ್ತಿದ್ದ ಮಮ್ಮಿ ಕೈ ನಿಲ್ಲಿಸಿದಳು.

ಸಮೃದ್ಧಿ ಬಾವಿಯ ಹತ್ತಿರ ಕೇಳಿದ್ದನ್ನೆಲ್ಲ ಹೇಳಿದಳು. ಒಂದೇ ಉಸಿರಿಗೆ, ಹಿಂದುಮುಂದಾಗಿ ಹೇಳಿದಳು. ಒರಳು, ಅತ್ತೆಯ ದನಿ, ಮಳೆಗಾಲ, ಅಳುಬುರುಕ ಕೂಸು. ಕೂಸಿನ ಮಾತು ಬಂದಾಗ ಪಪ್ಪಾ ತನ್ನ ಕೈಗಳನ್ನು ನೋಡಿಕೊಂಡ.

“ಅಪ್ಪನ್ನ ಕೇಳಿದ್ದೆ,” ಅಂದ. “ಅಪ್ಪ ಹೇಳ್ತನ ಇದ್ದ, ನಾ ಕೇಳ್ತನ ಇದ್ದೆ. ಅವ್ವ ಬಾಜುಕ್ಕ ಕುಂತಿರ್ತಿದ್ಳು. ಆಕೀನ ಮಾತ್ರ ಕೇಳಲಿಲ್ಲ.”

“ಹೋಗ್ರಿ, ಈಗ ಕೇಳ್ರಿ,” ಅಂದಳು ಮಮ್ಮಿ.

ಪಪ್ಪಾ ಬಾವಿಯ ಹತ್ತಿರ ಇಳಿದಾಗ ಅಜ್ಜಿ ಕಣ್ಣು ಬಿಟ್ಟಳು. ಹಿಂದೆ ನಿಂತಿದ್ದ ಸಮೃದ್ಧಿಯನ್ನು ನೋಡಿ ಹುಬ್ಬು ಗಂಟು ಹಾಕಿದಳು. “ಹೇಳಿ ಬಂದಿಯೇನ್ ಇವನ ಮುಂದ?”

“ಅವ್ವಾ,” ಪಪ್ಪಾ ಕೆಳಗಿನ ಮೆಟ್ಟಿಲ ಮೇಲೆ ಕೂತ. “ಊರಿಗೆ ವಾಪಸ್ ಹೋಗೂಣೇನು? ಈಗ ಹೊಂಟ್ರ ರಾತ್ರಿ ಮುಟ್ತೀವಿ. ಇಲ್ಲಂದ್ರ ಗೋಕರ್ಣಕ್ಕ ಹೋಗೂಣು. ನಿನಗ ಏನ್ ಮಾಡೂಣು ಅನಸ್ತೈತಿ, ನೀನ ಹೇಳು.”

ಅಜ್ಜಿಗೆ ಅದು ಕಷ್ಟದ ಪ್ರಶ್ನೆ ಇದ್ದ ಹಾಗಿತ್ತು. ಅವಳು ಮರ ನೋಡಿದಳು, ಬಾವಿ ನೋಡಿದಳು, ಆಮೇಲೆ ಎಲೆಗಳ ಸಂದಿಯಿಂದ ಹೊಳೆಯುತ್ತಿದ್ದ ನೀರಿನ ಕಡೆ ನೋಡಿದಳು.

“ಅಲ್ಲಿಗೆ ಹೋಗಬೇಕು,” ಅಂದಳು.

“ಎಲ್ಲಿಗೆ? ಸಮುದ್ರಕ್ಕ?”

“ಆರು ವರ್ಷ ಇದರ ತಲಿಮ್ಯಾಲೆ ಇದ್ದೆ. ಒಂದ್ ದಿನಾನೂ ನೀರಾಗ ಕಾಲ ಇಟ್ಟಿಲ್ಲ. ಆಗ ನೀರಿನ ತನಕ ಮೆಟ್ಟಲಾ ಇರ್ಲಿಲ್ಲ, ಬರೇ ಬಂಡಿಗಲ್ಲು. ನಿಮ್ಮಪ್ಪಗ ಹಗಲಿ ನಿದ್ದಿ, ರಾತ್ರಿ ಕೆಲಸ. ಎರಡ್ ಕೂಸು ಕಟಗೊಂಡು ನಾ ಒಬ್ಬಾಕಿ ಇಳಿಯೂದು ಹೆಂಗ? ಮುಂದಿನ ವಾರ ಹೋಗೂಣು ಅಂತನ ಇದ್ದೆ. ಅಷ್ಟರಾಗ ವರ್ಗದ ಆರ್ಡರ್ ಬಂತು.”

ಪಪ್ಪಾ ಎದ್ದು ನಿಂತ. “ನಡೀ, ಈಗ ಹೋಗೂಣು.”

“ಈಗೇನು? ಆ ಮಂದಿ ಬರ್ತಾರಲ್ಲೋ ಕತಿ ಕೇಳಾಕ!”

“ನಾ ಹೇಳಿ ಬರ್ತೀನಿ.”

ಸಮೃದ್ಧಿಯೂ ಪಪ್ಪನ ಜೊತೆ ಹೋದಳು. ಹುಲ್ಲಿನ ಮೇಲೆ ಹದಿನೈದು ಕುರ್ಚಿ ಸಿದ್ಧವಾಗಿದ್ದವು. ಇಬ್ಬರು ಆಗಲೇ ಬಂದು ಕೂತಿದ್ದರು. ಅಜ್ಜಿ ಕತೆ ಹೇಳುವುದಿಲ್ಲ ಎಂದು ಕೇಳಿ ಅನಿಕೇತನ ಮುಖ ಸಣ್ಣದಾಯಿತು.

“ಎಲ್ಲರಿಗೂ ಹೇಳಿಬಿಟ್ಟಿದ್ದೆ ಸರ್…”

“ನನ್ನದ ತಪ್ಪು. ಅವ್ವನ್ನ ಕೇಳಲಾರದ ಹೂಂ ಅಂದಿದ್ದೆ,” ಅಂದ ಪಪ್ಪಾ. “ನಾ ಬೇಕಾದ್ರ ನಾಳೆ ನಮ್ಮಪ್ಪನ ಕತಿ ಹೇಳ್ತೀನ್ರಿ.”

ಅನಿಕೇತ ತಲೆ ಕೆರೆದುಕೊಂಡ. “ಅಡ್ಡಿಲ್ಲ ಬಿಡಿ. ಇವತ್ತು ನಾನೇ ಏನಾದ್ರೂ ಹೇಳಿ ಸುಧಾರಿಸ್ತೇನೆ. ಅಜ್ಜಿಗೆ ಮೆಟ್ಟಿಲು ಹುಷಾರು. ನೂರಾ ಹನ್ನೆರಡು ಇವೆ.”

ನೂರಾ ಹನ್ನೆರಡು ಮೆಟ್ಟಿಲು ಇಳಿಯಲು ಬಹಳ ಹೊತ್ತು ಹಿಡಿಯಿತು. ಅಜ್ಜಿಯ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂರುವಳು. ಕೂತಾಗಲೆಲ್ಲ, “ಹತ್ತೂದು ಹೆಂಗೋ ಏನೋ!” ಅನ್ನುವಳು.

“ಪಪ್ಪಾ ಹೊತಗೊಂಡು ಹೋಗ್ತಾನ,” ಅಂದಳು ಸಮೃದ್ಧಿ.

“ಹೊರ್ಲಿ! ನಾ ಎಷ್ಟ್ ಹೊತ್ತೀನಿ ಅವನ್ನ!”

ಅವರ ಹಿಂದೆಯೇ ಇಳಿಯುತ್ತಿದ್ದ ಮಮ್ಮಿ ನಕ್ಕುಬಿಟ್ಟಳು. ಪಪ್ಪಾ ನಗಲು ಹೋದ, ಆದರೆ ಕಣ್ಣು ಬೇರೆ ಕಡೆ ತಿರುಗಿಸಿಕೊಂಡ.

ಎಂಬತ್ತನೆಯ ಮೆಟ್ಟಿಲಿನಲ್ಲಿ ಸಮೃದ್ಧಿಗೆ ಸೋಮವಾರ ನೆನಪಾಯಿತು. ಮೊಬೈಲ್ ಮೇಲಿನ ಮನೆಯಲ್ಲೇ ಉಳಿದಿತ್ತು. ಓಡಿ ಹೋಗಿ ತರಬಹುದೇನೋ. ಅಷ್ಟರಲ್ಲಿ ಅಜ್ಜಿ ಎದ್ದು, “ಸಮ್ಮು, ಕೈ ಕೊಡು,” ಅಂದಳು. ಸಮೃದ್ಧಿ ಕೈ ಕೊಟ್ಟಳು. ಟೀಚರಿಗೆ ಗೋಪುರದ ಒಂದು ಫೋಟೋ ತೋರಿಸಿದರಾಯಿತು. ಚಪ್ಪಾಳೆ ಬೀಳದಿದ್ದರೆ ಬೀಳದಿರಲಿ.

ಕೆಳಗೆ ಬಂಡೆಗಳ ನಡುವೆ ಸಣ್ಣ ಮರಳಿನ ದಂಡೆ. ಸೂರ್ಯ ಇನ್ನೂ ನೀರಿಗೆ ಮುಟ್ಟಿರಲಿಲ್ಲ. ಯಾರೂ ಇರಲಿಲ್ಲ.

ಅಜ್ಜಿ ಚಪ್ಪಲಿ ಬಿಟ್ಟು, ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಪ್ಪಾ ಒಂದು ಕಡೆ, ಸಮೃದ್ಧಿ ಒಂದು ಕಡೆ. ಒದ್ದೆ ಮರಳಿನ ಮೇಲೆ ನಾಲ್ಕು ಹೆಜ್ಜೆ ಇಟ್ಟಳು.

“ಈಗ ಕೈ ಬಿಡ್ರಿ ಇಬ್ರೂ.”

“ಅವ್ವಾ, ಬಿದ್ದೀ…”

“ಬಿಡೋ ಅಂದ್ರ.”

ಅವರು ಬಿಟ್ಟರು. ಅಜ್ಜಿ ಒಬ್ಬಳೇ ಮುಂದೆ ಹೋಗಿ ನಿಂತಳು. ಒಂದು ತೆರೆ ಉರುಳಿ ಬಂದು, ಅವಳ ಪಾದದ ಹತ್ತಿರ ತೆಳ್ಳಗಾಗಿ, ಹಿಮ್ಮಡಿ ಸುತ್ತಿ ಹಿಂದೆ ಹೋಯಿತು. ಕಾಲಡಿಯ ಮರಳು ಜಾರಿರಬೇಕು, ಅಜ್ಜಿ ಸ್ವಲ್ಪ ಓಲಾಡಿದಳು. ಪಪ್ಪಾ ಮುನ್ನುಗ್ಗಿದ. ಸಮೃದ್ಧಿ ಅವನ ಅಂಗಿ ಹಿಡಿದು ನಿಲ್ಲಿಸಿದಳು.

“ಹೆಂಗೈತಿ ಅಜ್ಜಿ? ತಣ್ಣಗೈತೇನು?”

ಅಜ್ಜಿ ತಿರುಗಲಿಲ್ಲ. “ತಡೀ,” ಅಂದಳು. “ಇನ್ನೊಂದು ಬರ್ಲಿ.”

ಇನ್ನೊಂದು ಬಂತು. ಮತ್ತೊಂದು ಬಂತು. ಅಜ್ಜಿ ನಿಂತೇ ಇದ್ದಳು.

ಸಮೃದ್ಧಿ ಮತ್ತೆ ಕೇಳಲಿಲ್ಲ. ಅಜ್ಜಿ ಹೇಳಬೇಕೆನಿಸಿದಾಗ ಹೇಳುತ್ತಾಳೆ. ಅವಳು ಅಜ್ಜಿಯ ಚಪ್ಪಲಿಗಳನ್ನು ನೀರು ಬಾರದ ಕಡೆ ಎತ್ತಿಟ್ಟು, ಒಣ ಮರಳಿನ ಮೇಲೆ ಕೂತಳು.